ನಾಳೆ ಬಾ

‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಕಡಿಮೆ. ಎತ್ತು ಎಲ್ಲಾದರೂ ಈಯುವುದುಂಟೆ ಎಂದು ಕೇಳಬೇಕಾದವರು ಕರುವನ್ನು ಎಲ್ಲಿ ಕಟ್ಟುವುದೆಂಬ ಗಡಿಬಿಡಿಗೆ ಬಿದ್ದಿದ್ದಾರೆ. ಈ ಗಾದೆ ಹುಟ್ಟಿದ ಕಾಲಕ್ಕೆ ಆಕಾಶವಾಣಿ ಇರಲಿಲ್ಲ, ದೂರದರ್ಶನ ಇರಲಿಲ್ಲ, ಅಂಗೈಯಲ್ಲಿ ಹಿಡಿಯುವ ಫೋನಂತೂ ಯಾರ ಕನಸಿನಲ್ಲೂ ಇರಲಿಲ್ಲ. ಆದ್ದರಿಂದ ಕೇಳಿದ್ದನ್ನೆಲ್ಲ ನಂಬುವ ಚಾಳಿಯನ್ನು ಯಂತ್ರಗಳು ನಮಗೆ ಕಲಿಸಿದವು ಎಂದು ದೂರುವುದು ನ್ಯಾಯವಲ್ಲ. ಆ ಚಾಳಿ ನಮ್ಮದೇ. ಹಾಗಾದರೆ ಈ ಮೂವತ್ತು ವರ್ಷಗಳಲ್ಲಿ ಬದಲಾದದ್ದು ಏನು? ಸುಳ್ಳು ಸುದ್ದಿಗೆ ಈಗ ಕೊಲ್ಲುವಷ್ಟು ಬಲ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಪಟ್ಟಣಗಳಲ್ಲಿ ಸಂಸಾರ ನಡೆಸುವ ನಾವು ಹೆಂಗಸರು ಕೇಳಿಕೊಳ್ಳಬೇಕಾಗಿದೆ. ಏಕೆಂದರೆ ಆ ಸುದ್ದಿ ಹಾದುಹೋಗುವ ದಾರಿ ನಮ್ಮ ಅಡುಗೆಮನೆ, ಪಡಸಾಲೆಗಳಲ್ಲೇ ಇದೆ.

೧೯೯೦ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಎಷ್ಟೋ ಊರುಗಳಲ್ಲಿ ಮನೆಯ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನಡುವಯಸ್ಸು ದಾಟಿದವರಿಗೆ ನೆನಪಿರಬಹುದು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬೀದಿ ಬೀದಿ ಅಲೆಯುತ್ತದೆ, ಬಾಗಿಲ ಬಳಿ ನಿಂತು ಹೆಸರು ಹಿಡಿದು ಕರೆಯುತ್ತದೆ, ತೆರೆದವರ ಪ್ರಾಣ ಉಳಿಯುವುದಿಲ್ಲ ಎಂಬ ವದಂತಿ ಹಬ್ಬಿತ್ತು. ‘ನಾಳೆ ಬಾ’ ಎಂದು ಬರೆದರೆ ಅದನ್ನು ಓದಿ ಹಿಂದಿರುಗುತ್ತದಂತೆ. ಮರುದಿನ ಬಂದರೂ ಅದೇ ಬರಹ ಅದಕ್ಕೆ ಎದುರಾಗುತ್ತದಂತೆ. ಈಗ ನಗು ಬರುತ್ತದೆ. ಕನ್ನಡ ಓದಲು ಬರುವ, ಆದರೆ ನಿನ್ನೆ ಓದಿದ್ದು ಇವತ್ತಿಗೆ ಮರೆತುಹೋಗುವ ದೆವ್ವ! ಆದರೆ ಆ ಕಥೆಯಲ್ಲಿ ನಗಬಾರದ ಒಂದು ವಿವರವಿದೆ. ದೆವ್ವ ತನ್ನ ದನಿಯಲ್ಲಿ ಕರೆಯುವುದಿಲ್ಲ. ಅಮ್ಮನ ದನಿಯಲ್ಲಿ, ಅಣ್ಣನ ದನಿಯಲ್ಲಿ, ಮನೆಯವರ ದನಿಯಲ್ಲಿ ಕರೆಯುತ್ತದೆ. ಗುರುತಿಲ್ಲದ ದನಿಗೆ ನಡುರಾತ್ರಿ ಯಾರೂ ಅಗುಳಿ ತೆಗೆಯುವುದಿಲ್ಲ ಎಂಬುದು ಆ ಕಥೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಇಂದಿನ ಸುಳ್ಳು ಸುದ್ದಿಯ ಗುಟ್ಟೂ ಇದೇ ಎಂದು ನನಗೆ ತೋರುತ್ತದೆ. ಪತ್ರಿಕೆಯಲ್ಲಿ ಬಂದದ್ದನ್ನು ನಾವು ಅನುಮಾನಿಸುತ್ತೇವೆ. ಚುನಾವಣೆಗೆ ನಿಂತವರು ಹೇಳಿದ್ದನ್ನಂತೂ ಅರ್ಧಕ್ಕರ್ಧ ಕಳೆದೇ ಕೇಳುತ್ತೇವೆ. ಆದರೆ ದೊಡ್ಡಪ್ಪ ಕಳಿಸಿದ್ದನ್ನು, ತವರಿನ ಅತ್ತಿಗೆ ಕಳಿಸಿದ್ದನ್ನು, ಜೊತೆಯಲ್ಲಿ ಭಜನೆಗೆ ಬರುವ ಪಕ್ಕದ ಮನೆಯವರು ಕಳಿಸಿದ್ದನ್ನು ಅನುಮಾನಿಸುವುದು ಹೇಗೆ? ಅವರು ನಮಗೆ ಸುಳ್ಳು ಹೇಳುವವರಲ್ಲ. ನಿಜ, ಅವರು ಸುಳ್ಳು ಹೇಳುವವರಲ್ಲ. ಆದರೆ ಆ ಮಾತು ಅವರದ್ದಲ್ಲ. ಯಾರೋ ಎಲ್ಲೋ ಕೂತು ಬರೆದದ್ದು, ಅವರ ಹೆಸರು ಮತ್ತು ಅವರ ಮುಖದ ಚಿತ್ರ ಹೊತ್ತು ನಮ್ಮ ಬಾಗಿಲಿಗೆ ಬಂದು ನಿಂತಿದೆ. ನಾವು ಅಗುಳಿ ತೆಗೆಯುತ್ತೇವೆ.

ಹಿಂದೆಯೂ ಇಂಥವು ಬರುತ್ತಿದ್ದವು. ಸಂತೋಷಿಮಾತೆಯ ಹೆಸರಿನಲ್ಲೋ ತಿರುಪತಿ ತಿಮ್ಮಪ್ಪನ ಹೆಸರಿನಲ್ಲೋ ಅಂಚೆ ಕಾರ್ಡು ಬರುತ್ತಿತ್ತು. ಇದನ್ನು ಇಂತಿಷ್ಟು ಜನರಿಗೆ ಬರೆದು ಕಳಿಸಿ, ಕಳಿಸಿದವರಿಗೆ ಐಶ್ವರ್ಯ, ಹರಿದು ಎಸೆದವರಿಗೆ ಕೇಡು ಎಂದು ಅದರ ಒಕ್ಕಣೆ. ಹೆದರಿದವರು ಬರೆಯುತ್ತಲೂ ಇದ್ದರು. ಆದರೆ ಇಪ್ಪತ್ತು ಕಾರ್ಡು ಬರೆಯಬೇಕೆಂದರೆ ಇಪ್ಪತ್ತು ಕಾರ್ಡಿನ ದುಡ್ಡು ಬೇಕು, ಅಂಚೆ ಕಚೇರಿಗೆ ನಡೆಯಬೇಕು, ಒಂದು ಮಧ್ಯಾಹ್ನವಿಡೀ ಕೂತು ಬೆರಳು ನೋಯಿಸಿಕೊಳ್ಳಬೇಕು. ಐದನೆಯ ಕಾರ್ಡಿಗೆ ಬರುವ ಹೊತ್ತಿಗೆ, ‘ಇದೇನು ಹುಚ್ಚಾಟ’ ಎಂದು ಅನೇಕರಿಗೆ ಅನ್ನಿಸುತ್ತಿತ್ತು. ಶ್ರಮವೇ ಅಲ್ಲಿ ವಿವೇಕದ ಕೆಲಸ ಮಾಡುತ್ತಿತ್ತು. ಸುಳ್ಳನ್ನು ಹೊರಲು ಕೂಲಿ ಕೊಡಬೇಕಾಗಿದ್ದ ಕಾಲ ಅದು. ಈಗ ಹೆಬ್ಬೆರಳಿನ ಒಂದು ತಾಕು ಸಾಕು. ಸಾರಿಗೆ ಒಗ್ಗರಣೆ ಹಾಕುವ ನಡುವೆಯೇ ಅದು ಮುಗಿದಿರುತ್ತದೆ.

ಯಂತ್ರದ ವೇಗ ಎಂಥದೆಂಬುದು ನಮ್ಮ ಪೀಳಿಗೆಗೆ ಮೊದಲು ಅರಿವಾದದ್ದು ೧೯೯೫ರ ಸೆಪ್ಟೆಂಬರ್ ೨೧ರಂದು ಎನ್ನಬಹುದು. ದೆಹಲಿಯ ದೇವಸ್ಥಾನವೊಂದರಲ್ಲಿ ಗಣಪತಿಯ ವಿಗ್ರಹ ಚಮಚದಿಂದ ಹಾಲು ಕುಡಿಯಿತೆಂಬ ಸುದ್ದಿ ಬೆಳಗಿನ ಜಾವ ಹೊರಟು, ಅದೇ ದಿನ ದೇಶದ ಮೂಲೆಮೂಲೆಗೂ, ಲಂಡನ್ನಿನ ದೇವಸ್ಥಾನಗಳವರೆಗೂ ಮುಟ್ಟಿತು. ಆಗ ಮೊಬೈಲ್ ಫೋನು ನಮ್ಮ ದೇಶಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಆ ಕೆಲಸವನ್ನು ಮಾಡಿದ್ದು ಮನೆಯ ಫೋನು, ಬೀದಿಯ ಎಸ್‌ಟಿಡಿ ಬೂತು ಮತ್ತು ಟಿ.ವಿ. ಸರತಿಯಲ್ಲಿ ನಿಂತವರಲ್ಲಿ ಓದು ಬಾರದವರಷ್ಟೇ ಇರಲಿಲ್ಲ, ಪದವೀಧರರಿದ್ದರು, ಅಧಿಕಾರಿಗಳಿದ್ದರು. ಕೇಂದ್ರ ಸರ್ಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕೊಟ್ಟು ನೋಡಿದರು. ದ್ರವದ ಮೇಲ್ಮೈ ಎಳೆತದಿಂದ ಹಾಲು ಚಮಚದ ಅಂಚಿನಿಂದ ವಿಗ್ರಹಕ್ಕೆ ಹತ್ತಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗಿ ಕೆಳಗೆ ಹರಿಯುತ್ತಿತ್ತು. ಬಣ್ಣದಿಂದ ಆ ಜಾಡು ಕಂಡಿತು. ಒದ್ದೆ ಪಾತ್ರೆಗೆ ಚಮಚ ತಾಗಿಸಿ ನೋಡಿದ ಯಾವ ಗೃಹಿಣಿಗಾದರೂ ಅರ್ಥವಾಗುವ ಸಂಗತಿ. ಆದರೆ ಬಣ್ಣದ ಹಾಲಿನ ಸುದ್ದಿ ಬಿಳಿ ಹಾಲಿನ ಸುದ್ದಿಯಷ್ಟು ವೇಗವಾಗಿ ಓಡಲಿಲ್ಲ. ಅಚ್ಚರಿಗೆ ಇರುವ ಕಾಲು ವಿವರಣೆಗೆ ಇಲ್ಲ.

ಅಂದು ಹೆಚ್ಚೆಂದರೆ ಒಂದಿಷ್ಟು ಹಾಲು ಚರಂಡಿ ಸೇರಿತು. ಯಾರ ಬದುಕೂ ಕಿತ್ತುಹೋಗಲಿಲ್ಲ. ೨೦೧೨ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಆದದ್ದು ಹಾಗಲ್ಲ.

ಆ ಜುಲೈನಲ್ಲಿ ಅಸ್ಸಾಮಿನ ಕೋಕ್ರಝಾರ್ ಸುತ್ತ ಹಿಂಸಾಚಾರ ನಡೆದಿತ್ತು. ಅದರ ಬೆನ್ನಿಗೇ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗಲಿದೆ, ರಂಜಾನ್ ಮುಗಿಯುವುದರೊಳಗೆ ಊರು ಬಿಡಿ ಎಂಬಂಥ ಎಸ್ಎಂಎಸ್‌ಗಳು ಹರಿದಾಡಿದವು. ಬೇರೆ ಯಾವುದೋ ದೇಶದ, ಯಾವುದೋ ವರ್ಷದ ಶವಗಳ ಚಿತ್ರಗಳು ಅಸ್ಸಾಮಿನದೆಂಬ ಹೆಸರಿನಲ್ಲಿ ಬಂದವು. ಸ್ವಾತಂತ್ರ್ಯ ದಿನದ ಸಂಜೆ ಸಿಟಿ ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಸೇರಿದರು. ಬ್ಯೂಟಿ ಪಾರ್ಲರ್‌ಗಳಲ್ಲಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗಿಯರು, ಕಾವಲು ಕೆಲಸದ ಹುಡುಗರು, ಕಾಲೇಜಿನ ಮಕ್ಕಳು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಹೊರಟುಹೋದವರು ಸುಮಾರು ೩೦ ಸಾವಿರ ಎಂದು ಆಗಿನ ವರದಿಗಳು ಹೇಳಿದವು. ಇರಿ, ಹೋಗಬೇಡಿ, ನಾವಿದ್ದೇವೆ ಎಂದು ಮಂತ್ರಿಗಳು, ಪೊಲೀಸರು, ಸಾಮಾನ್ಯ ಜನ ನಿಲ್ದಾಣಕ್ಕೆ ಹೋಗಿ ಬೇಡಿಕೊಂಡರೂ ರೈಲು ತುಂಬುವುದು ನಿಲ್ಲಲಿಲ್ಲ. ಸಂದೇಶಗಳು ಹೇಳಿದ್ದ ಆ ಸಾಮೂಹಿಕ ದಾಳಿ ಮಾತ್ರ ನಡೆಯಲೇ ಇಲ್ಲ.

ಅವರು ಯಾಕೆ ನಂಬಿದರು? ಸಂದೇಶ ಕಳಿಸಿದವರು ಅವರ ಸ್ನೇಹಿತರು. ಸಾವಿರಾರು ಮೈಲಿ ದೂರದಿಂದ ಫೋನು ಮಾಡಿ, ‘ಹೊರಟು ಬಾ ಮಗಳೇ’ ಎಂದು ಅತ್ತವರು ಅವರ ತಾಯಂದಿರು. ಮಂತ್ರಿಯ ಮಾತಿಗಿಂತ ತಾಯಿಯ ಅಳು ದೊಡ್ಡದು. ಇದನ್ನು ಮೂಢತನವೆನ್ನಲು ನನಗೆ ಮನಸ್ಸು ಬಾರದು. ಹೊರ ಊರಿಗೆ ಮಕ್ಕಳನ್ನು ಕಳಿಸಿದ ಯಾವ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ಸುಳ್ಳನ್ನು ಹೆಣೆದವರು ಲೆಕ್ಕ ಹಾಕಿದ್ದು ಈ ಮಮತೆಯನ್ನೇ.

ಆಗ ಕೇಂದ್ರ ಸರ್ಕಾರ ಒಂದು ಫೋನಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸುವಂತಿಲ್ಲ ಎಂದು ದೇಶಕ್ಕೆಲ್ಲ ಮಿತಿ ಹೇರಿತು; ಕೆಲವು ದಿನಗಳ ಮೇಲೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ಗಮನಿಸಿ: ಅಂಚೆ ಕಾರ್ಡಿನ ಕಾಲದಲ್ಲಿ ಬೆರಳ ನೋವು ಮಾಡುತ್ತಿದ್ದ ಕೆಲಸವನ್ನು ಈಗ ಸರ್ಕಾರದ ಆಜ್ಞೆ ಮಾಡಬೇಕಾಯಿತು.

ಆರು ವರ್ಷಗಳ ನಂತರ, ೨೦೧೮ರಲ್ಲಿ, ಎಸ್ಎಂಎಸ್ ಇದ್ದ ಜಾಗದಲ್ಲಿ ವಾಟ್ಸಾಪ್ ಇತ್ತು. ಮಕ್ಕಳ ಕಳ್ಳರು ಊರಿಗೆ ನುಗ್ಗಿದ್ದಾರೆ ಎಂಬ ಸುದ್ದಿ ದೇಶದ ಹಲವು ರಾಜ್ಯಗಳಲ್ಲಿ ಹಬ್ಬಿತು. ಅದರ ಜೊತೆಗೊಂದು ವಿಡಿಯೊ: ಬೀದಿಯಲ್ಲಿ ಆಡುತ್ತಿರುವ ಹುಡುಗರು, ಬೈಕಿನಲ್ಲಿ ಬಂದ ಇಬ್ಬರು, ಒಬ್ಬ ಪುಟ್ಟ ಹುಡುಗನನ್ನು ಎತ್ತಿಕೊಂಡು ಹೋಗುವುದು. ನೋಡಿದ ತಾಯಂದಿರ ಎದೆ ಧಸಕ್ಕೆಂದಿತು. ಆದರೆ ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಕೊಡಲು ಒಂದು ಸಂಸ್ಥೆ ನಟರಿಂದ ಮಾಡಿಸಿದ ಚಿತ್ರ. ಮೂಲ ಚಿತ್ರದ ಕೊನೆಯಲ್ಲಿ ಆ ಇಬ್ಬರು ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಎಸೆದಿದ್ದರು. ಮಕ್ಕಳನ್ನು ಕಾಪಾಡಿ ಎಂದು ಮಾಡಿದ ಚಿತ್ರ ದೊಡ್ಡವರನ್ನು ಕೊಲ್ಲುವ ಆಯುಧವಾಯಿತು.

ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಹೊಡೆದರು, ಅವನು ಬದುಕಲಿಲ್ಲ. ಜುಲೈ ೧೩ರಂದು ಬೀದರ್ ಜಿಲ್ಲೆಯಲ್ಲಿ ಪರಿಚಿತರ ಊರಿಗೆ ಬಂದಿದ್ದ ಸ್ನೇಹಿತರ ಗುಂಪೊಂದು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಅಷ್ಟೇ. ಜನ ಸುತ್ತುವರಿದರು. ಅವರು ಗಾಬರಿಯಿಂದ ಕಾರು ಹತ್ತಿ ಹೊರಟರೆ, ಅವರಿಗಿಂತ ಮೊದಲೇ ವಾಟ್ಸಾಪಿನಲ್ಲಿ ಅವರ ವಿಡಿಯೊ ಮುಂದಿನ ಊರಾದ ಮುರ್ಕಿಯನ್ನು ತಲುಪಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿ ಕಾದಿದ್ದರು. ಹೈದರಾಬಾದಿನ ೩೨ ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲಿಯೇ ಹತನಾದ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ಮಕ್ಕಳಿಗೆ ಸಿಹಿ ಕೊಡುವುದು ನಮ್ಮ ನಾಡಿನಲ್ಲಿ ಅಪರಾಧವಾಗಿದ್ದು ಯಾವಾಗಿನಿಂದ? ಬಸ್ಸಿನಲ್ಲಿ ಪಕ್ಕ ಕೂತ ಮಗುವಿಗೆ ಬಿಸ್ಕತ್ತು ಕೊಡದ ಹೆಂಗಸು ಯಾರಿದ್ದಾರೆ? ಸುಳ್ಳು ಸುದ್ದಿ ಕೊಲ್ಲುವುದು ಒಬ್ಬಿಬ್ಬರನ್ನಷ್ಟೇ ಅಲ್ಲ. ಹೊಸಬರನ್ನು ಕಂಡರೆ ಯಾವೂರು, ಊಟವಾಯಿತೆ ಎಂದು ಕೇಳುವ ನಮ್ಮ ಹಳೆಯ ಅಭ್ಯಾಸವನ್ನೂ ಕೊಲ್ಲುತ್ತದೆ.

ಇಂಥ ಘಟನೆಗಳಾದಾಗಲೆಲ್ಲ ಪತ್ರಿಕೆಯ ಅಂಕಣಗಳಲ್ಲಿ ಕೇಳಿಬರುವ ಮಾತು, ‘ಜನ ಅಶಿಕ್ಷಿತರು, ಅದಕ್ಕೇ ಹೀಗೆ.’ ಪಾಠ ಹೇಳುವ ವೃತ್ತಿಯವಳಾಗಿ ಈ ಮಾತನ್ನು ಒಪ್ಪಿದರೆ ನನಗೇ ಅನುಕೂಲ, ಆದರೂ ಒಪ್ಪಲಾರೆ. ೨೦೧೬ರ ನವೆಂಬರಿನಲ್ಲಿ ಎರಡು ಸಾವಿರ ರೂಪಾಯಿಯ ಹೊಸ ನೋಟು ಬಂದಾಗ ಅದರೊಳಗೆ ಚಿಪ್ಪಿದೆ, ನೆಲದಾಳದಲ್ಲಿ ಹೂತಿಟ್ಟರೂ ಉಪಗ್ರಹ ಕಂಡುಹಿಡಿಯುತ್ತದೆ ಎಂದು ಹೇಳಿದವರು ಯಾರು? ಕೋಟು ತೊಟ್ಟು ಟಿ.ವಿ.ಯಲ್ಲಿ ಕೂತ, ಓದಿದ ಮಂದಿಯೂ ಅದರಲ್ಲಿದ್ದರು. ಅಂಥದ್ದೇನೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೂ ಮದುವೆ ಮನೆಗಳಲ್ಲಿ ಆ ಮಾತು ನಡೆದೇ ಇತ್ತು. ಆ ನೋಟನ್ನು ೨೦೨೩ರಲ್ಲಿ ಚಲಾವಣೆಯಿಂದ ಹಿಂತೆಗೆದುಕೊಂಡದ್ದೂ ಆಯಿತು. ಚಿಪ್ಪಿನ ಸುದ್ದಿ ಹೇಳಿದವರು ಯಾರೂ ಕ್ಷಮೆ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಓದಿಗೂ ಇದಕ್ಕೂ ಸಂಬಂಧ ನಾವಂದುಕೊಂಡಷ್ಟಿಲ್ಲ.

ಸಂಬಂಧ ಇರುವುದು ಎಣಿಕೆಗೆ. ಒಂದೇ ಸುದ್ದಿ ಬೆಳಿಗ್ಗೆ ಕುಟುಂಬದ ಗುಂಪಿನಲ್ಲಿ ಬರುತ್ತದೆ. ಹತ್ತು ಗಂಟೆಗೆ ಮಹಿಳಾ ಸಮಾಜದ ಗುಂಪಿನಲ್ಲಿ, ಮಧ್ಯಾಹ್ನ ಹಳೆಯ ಸಹಪಾಠಿಗಳ ಗುಂಪಿನಲ್ಲಿ, ಸಂಜೆ ಬಡಾವಣೆಯ ಗುಂಪಿನಲ್ಲಿ. ‘ಎಲ್ಲರೂ ಹೇಳುತ್ತಿದ್ದಾರೆ, ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ’ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ನಾಲ್ಕು ಕಡೆಯಿಂದ ಬಂದದ್ದು ನಾಲ್ಕು ಸಾಕ್ಷಿಗಳಂತೆ ಕಾಣುತ್ತದೆ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವ ಯಾವ ಉಪಾಧ್ಯಾಯಿನಿಯೂ ಈ ಮೋಸಕ್ಕೆ ಬೀಳುವುದಿಲ್ಲ. ಐದು ಮಕ್ಕಳು ಒಂದೇ ತಪ್ಪು ಉತ್ತರವನ್ನು, ಅದೇ ಒತ್ತಕ್ಷರದ ತಪ್ಪಿನೊಂದಿಗೆ ಬರೆದಿದ್ದರೆ, ಐವರು ಹೇಳಿದ್ದರಿಂದ ಅದು ಸರಿಯಿರಬೇಕು ಎಂದು ಯಾರೂ ಅಂಕ ಕೊಡುವುದಿಲ್ಲ. ಯಾರ ಪತ್ರಿಕೆ ನೋಡಿ ಯಾರು ಬರೆದರು ಎಂದು ಕೇಳುತ್ತೇವೆ. ಫೋನಿಗೆ ಬಂದದ್ದರ ಮುಂದೆಯೂ ಕೇಳಬೇಕಾದ ಪ್ರಶ್ನೆ ಅದೇ. ಆದರೆ ಈ ಎಣಿಕೆಯ ಮೋಸವೇ ಈಗ ಜನಾಭಿಪ್ರಾಯ ಎಂಬ ದೊಡ್ಡ ಹೆಸರಿನಲ್ಲಿ ಓಡಾಡುತ್ತಿದೆ. ಯಾವ ಜಾತಿಯವರು ಎಂಥವರು, ಯಾವ ಧರ್ಮದವರನ್ನು ದೂರವಿಡಬೇಕು, ಯಾರ ಅಂಗಡಿಯಲ್ಲಿ ಕೊಳ್ಳಬಾರದು ಎಂಬುದನ್ನೆಲ್ಲ ಎಷ್ಟೋ ಮನೆಗಳಲ್ಲಿ ನಿರ್ಧರಿಸುತ್ತಿರುವುದು ಸ್ವಂತ ಅನುಭವವಲ್ಲ. ಒಬ್ಬನ ಉತ್ತರವನ್ನು ನೂರು ಜನ ನಕಲು ಮಾಡಿದ ಪತ್ರಿಕೆ.

ಲೆಕ್ಕವನ್ನೇ ಹಾಕಿ ನೋಡೋಣ. ೨೦೧೮ರ ಜುಲೈನಲ್ಲಿ, ಸಾವುಗಳಾದ ಮೇಲೆ, ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂಬ ಮಿತಿ ತಂದಿತು. ರವಾನೆಯಾಗಿ ಬಂದ ಸಂದೇಶದ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಕಾಣುವಂತೆ ಮಾಡಿದ್ದೂ ಆ ತಿಂಗಳಲ್ಲೇ. ಐದು ಎಂದರೆ ಕಡಿಮೆ ಎನಿಸುತ್ತದೆ. ಆದರೆ ಆ ಒಂದೊಂದು ‘ಕಡೆ’ಯೂ ಒಂದೊಂದು ಗುಂಪಾಗಿರಬಹುದು, ಗುಂಪಿನಲ್ಲಿ ಆಗ ೨೫೬ ಜನರವರೆಗೆ ಇರಬಹುದಿತ್ತು. ಐದು ಗುಂಪಿಗೆ ೧೨೮೦ ಜನ. ಅಂಚೆ ಕಾರ್ಡಿನ ಇಪ್ಪತ್ತೆಲ್ಲಿ, ಒಂದೇ ತಾಕಿಗೆ ಹನ್ನೆರಡು ನೂರ ಎಂಬತ್ತೆಲ್ಲಿ! ೨೦೨೨ರಲ್ಲಿ ಗುಂಪಿನ ಗಾತ್ರವನ್ನು ೧೦೨೪ಕ್ಕೆ ಹಿಗ್ಗಿಸಿದರು. ಒಂದು ಕೈಯಲ್ಲಿ ಬಾಗಿಲು ಓರೆ ಮಾಡಿ ಇನ್ನೊಂದು ಕೈಯಲ್ಲಿ ಗೋಡೆ ಒಡೆದಂತಾಯಿತು. ೨೦೨೦ರ ಏಪ್ರಿಲಿನಲ್ಲಿ, ಕೊರೋನಾ ಕಾಲದಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ಇನ್ನೊಂದು ನಿಯಮ ಬಂತು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಕಾಣುತ್ತದೆ. ಆ ಜೋಡಿ ಬಾಣದ ಅರ್ಥ, ‘ಇದನ್ನು ನಿಮಗೆ ಕಳಿಸಿದವರು ಬರೆದದ್ದಲ್ಲ, ಅವರಿಗೆ ಕಳಿಸಿದವರೂ ಬರೆದದ್ದಲ್ಲ’ ಎಂದು. ಎಷ್ಟು ಮನೆಗಳಲ್ಲಿ ಈ ಅರ್ಥ ಗೊತ್ತಿದೆ? ಹತ್ತಾರು ಕೈ ದಾಟಿ ಬಂದಿದೆ ಎಂದರೆ ಮುಖ್ಯವಾದ ಸುದ್ದಿಯೇ ಇರಬೇಕು ಎಂದು ಆ ಬಾಣಗಳನ್ನು ಕಂಡು ಇನ್ನಷ್ಟು ನಂಬುವವರೂ ಇದ್ದಾರೆ.

ಕಂಪನಿಗಳನ್ನು ದೂರಿದರೆ ಅವರು, ಸಂದೇಶಗಳು ಬೀಗ ಹಾಕಿ ಹೋಗುತ್ತವೆ, ನಾವೂ ಓದಲಾರೆವು ಎನ್ನುತ್ತಾರೆ. ಅದು ನಿಜ, ೨೦೧೬ರಿಂದ ವಾಟ್ಸಾಪಿನ ಎಲ್ಲ ಸಂದೇಶಗಳೂ ಹಾಗೆಯೇ ಹೋಗುತ್ತವೆ. ನಮ್ಮ ಖಾಸಗಿ ಮಾತನ್ನು ಯಾರೂ ಕದ್ದು ಕೇಳದಿರಲಿ ಎಂಬುದು ನಮಗೂ ಬೇಕಾದದ್ದೇ. ಗಂಡನ ಮನೆಯ ಕಷ್ಟವನ್ನು ತವರಿಗೆ ಗುಟ್ಟಾಗಿ ಹೇಳಿಕೊಳ್ಳಲು ಆಗದೆ ಒಳಗೇ ಬೆಂದ ಎಷ್ಟು ಹೆಣ್ಣುಮಕ್ಕಳಿಗೆ ಈ ಫೋನು ಆಸರೆಯಾಗಿದೆ! ಅದನ್ನು ಮರೆಯುವಂತಿಲ್ಲ. ಸರ್ಕಾರಗಳನ್ನು ಕೇಳಿದರೆ ಅವು ಗಲಭೆಯಾದ ಕಡೆ ಇಂಟರ್‌ನೆಟ್ ಬಂದ್ ಮಾಡುತ್ತವೆ. ಸುಳ್ಳಿನ ಜೊತೆಗೆ ಆಸ್ಪತ್ರೆಯ ಕರೆ, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲವೂ ನಿಲ್ಲುತ್ತವೆ. ಇನ್ನು ಟಿ.ವಿ. ವಾಹಿನಿಗಳು. ಸುಳ್ಳನ್ನು ಬಯಲು ಮಾಡುತ್ತೇವೆ ಎಂದು ಹೊರಟು, ಎದೆ ನಡುಗಿಸುವ ಸಂಗೀತ ಹಾಕಿ, ಅದೇ ವಿಡಿಯೊವನ್ನು ಇಪ್ಪತ್ತು ಸಲ ತೋರಿಸಿ, ಕೊನೆಯ ಅರ್ಧ ನಿಮಿಷದಲ್ಲಿ ‘ಇದು ಸತ್ಯವಲ್ಲ’ ಎನ್ನುತ್ತವೆ. ಅಷ್ಟರಲ್ಲಿ ನೋಡುತ್ತಿದ್ದ ಅಜ್ಜಿ ಎದ್ದು ಮೊಮ್ಮಗನನ್ನು ಬೀದಿಯಿಂದ ಒಳಗೆ ಕರೆದಾಗಿರುತ್ತದೆ. ಇವರೆಲ್ಲರಿಗಿಂತ ದೊಡ್ಡ ಅಪರಾಧಿಗಳು ಆ ವಿಡಿಯೊದ ಕೊನೆಯನ್ನು ಕತ್ತರಿಸಿದವರು. ಅವರಿಗೆ ಕಾನೂನಿನ ಶಿಕ್ಷೆ ಆಗಲೇಬೇಕು. ಆದರೆ ಅವರು ಕತ್ತರಿಸಿದ್ದನ್ನು ಊರೂರಿಗೆ ಹೊತ್ತವರು ಕೂಲಿಯಿಲ್ಲದ ಆಳುಗಳು. ಆ ಆಳುಗಳು ನಾವೇ.

ನಾವು ಯಾಕೆ ಹೊರುತ್ತೇವೆ? ನನ್ನ ಉತ್ತರ ಕೆಲವರಿಗೆ ಹಿಡಿಸದಿರಬಹುದು. ಮೂರ್ಖತನದಿಂದಲ್ಲ, ಮರ್ಯಾದೆಯಿಂದ. ಹಿರಿಯರ ಮಾತಿಗೆ ಎದುರಾಡಬಾರದು, ನೆಂಟರ ಮನಸ್ಸು ನೋಯಿಸಬಾರದು, ನಾಲ್ಕು ಜನರೆದುರು ಯಾರನ್ನೂ ತಪ್ಪೆನ್ನಬಾರದು ಎಂದು ನಮ್ಮನ್ನು ಬೆಳೆಸಿದ್ದಾರೆ. ಹೆಣ್ಣುಮಕ್ಕಳನ್ನಂತೂ ಇನ್ನೂ ಬಿಗಿಯಾಗಿ ಹಾಗೆ ಬೆಳೆಸಿದ್ದಾರೆ. ಕುಟುಂಬದ ಗುಂಪಿನಲ್ಲಿ ಮಾವ ಏನನ್ನೋ ಹಾಕುತ್ತಾರೆ. ಅದು ಸುಳ್ಳೆಂದು ಸೊಸೆಗೆ ಗೊತ್ತು, ಅವಳು ಬಿ.ಎಸ್ಸಿ. ಓದಿದವಳು. ಆದರೂ ಸುಮ್ಮನಿರುತ್ತಾಳೆ. ನಾದಿನಿ ಕೈಮುಗಿಯುವ ಚಿತ್ರ ಹಾಕುತ್ತಾಳೆ. ಚಿಕ್ಕಪ್ಪ ‘ಎಲ್ಲರೂ ಎಚ್ಚರದಿಂದಿರಿ’ ಎನ್ನುತ್ತಾರೆ. ಅಲ್ಲಿಗೆ ಮನೆಯ ಅಭಿಪ್ರಾಯ ಒಂದಾಯಿತು. ಸಂಸಾರ ಒಡೆಯದಂತೆ ಕಾಪಾಡುವ ಈ ಮೌನವೇ ಸುಳ್ಳಿಗೆ ರಾಜಮಾರ್ಗ. ಸುಳ್ಳು ಹೆಣೆಯುವವರಿಗೆ ನಮ್ಮ ಮನೆಗಳ ಈ ಗುಣ ನಮಗಿಂತ ಚೆನ್ನಾಗಿ ಗೊತ್ತಿದೆ. ಅಪರಿಚಿತರು ಬೀದಿಯಲ್ಲಿ ನಿಂತು ಹೇಳಿದ್ದರೆ ಎದುರು ಮಾತಾಡುತ್ತಿದ್ದೆವು. ಅದಕ್ಕೇ ಅವರು ಮಾವನ ದನಿಯಲ್ಲಿ ಬರುತ್ತಾರೆ.

ಹೊಸ ಕಾಲದ ಯಂತ್ರ ಇದನ್ನು ಅಕ್ಷರಶಃ ನಿಜ ಮಾಡಿದೆ. ಒಬ್ಬರ ದನಿಯ ಚಿಕ್ಕ ತುಣುಕು ಸಿಕ್ಕರೆ ಸಾಕು, ಅದೇ ದನಿಯಲ್ಲಿ ಬೇಕಾದ್ದನ್ನು ನುಡಿಸುವ ತಂತ್ರ ಈಗಿದೆ. ಮಗನ ದನಿಯಲ್ಲಿ ಕರೆ ಬರುತ್ತದೆ, ‘ಅಮ್ಮಾ, ಆಕ್ಸಿಡೆಂಟ್ ಆಗಿದೆ, ಈಗಲೇ ದುಡ್ಡು ಹಾಕು.’ ಪೊಲೀಸ್ ಸಮವಸ್ತ್ರ ಹಾಕಿಕೊಂಡವನು ವಿಡಿಯೊ ಕರೆಯಲ್ಲಿ ಬಂದು, ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎನ್ನುತ್ತಾನೆ. ಅಂಥದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ೨೦೨೪ರ ಅಕ್ಟೋಬರಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ಇದನ್ನು ಹೇಳಿ, ತಡೆಯಿರಿ, ಯೋಚಿಸಿ, ಆಮೇಲೆ ಕ್ರಮಕ್ಕೆ ಮುಂದಾಗಿ ಎಂದು ಜನರನ್ನು ಎಚ್ಚರಿಸಬೇಕಾಯಿತು. ಮೋಸ ಹೋದವರು ದೂರಲು ೧೯೩೦ ಎಂಬ ಸಹಾಯವಾಣಿ ಇದೆ. ಹಣ ಕೀಳುವ ಕರೆಯಾಗಲಿ, ದ್ವೇಷ ಬಿತ್ತುವ ಸಂದೇಶವಾಗಲಿ, ಎರಡರ ನುಡಿಯಲ್ಲೂ ಒಂದು ಪದ ತಪ್ಪದೆ ಇರುತ್ತದೆ: ‘ಈಗಲೇ.’ ಈಗಲೇ ಕಳಿಸಿ, ಈಗಲೇ ಹಂಚಿ, ಅಳಿಸುವ ಮುನ್ನ ನೋಡಿ. ಯೋಚಿಸಲು ಹೊತ್ತು ಕೊಟ್ಟರೆ ತಮ್ಮ ಆಟ ನಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ಆದ್ದರಿಂದ ಆ ಹಳೆಯ ಗೋಡೆಬರಹವನ್ನು ಬರೆದ ಹೆಂಗಸರನ್ನು ನಾನು ಪೂರ್ತಿ ನಗಲಾರೆ. ದೆವ್ವವಿದೆ ಎಂದು ನಂಬಿದ್ದು ಅವರ ತಪ್ಪು. ಆದರೆ ಪರಿಚಿತ ದನಿ ಕೇಳಿದೊಡನೆ ಬಾಗಿಲು ತೆರೆಯಬೇಡ, ನಾಳೆ ಬಾ ಎನ್ನು ಎಂಬ ಉಪಾಯವಿದೆಯಲ್ಲ, ಅದು ಈ ಕಾಲಕ್ಕೆ ಹೇಳಿ ಮಾಡಿಸಿದ್ದು. ಬಂದ ಸುದ್ದಿಯನ್ನು ಒಂದು ರಾತ್ರಿ ಇಟ್ಟು ನೋಡಿ. ಇಡ್ಲಿಯ ಹಿಟ್ಟಿಗೆ ಕೊಡುವಷ್ಟು ಹೊತ್ತು ಸುದ್ದಿಗೂ ಕೊಡಿ. ನಿಜವಾದ ಸುದ್ದಿ ಬೆಳಗಿನ ಪತ್ರಿಕೆಯಲ್ಲಿ ಊರಿನ ಹೆಸರು, ದಿನಾಂಕ, ಠಾಣೆಯ ಹೆಸರಿನೊಂದಿಗೆ ಬಂದೇ ಬರುತ್ತದೆ. ಸುಳ್ಳು ಹೆಚ್ಚಾಗಿ ಮಾರನೆಯ ದಿನಕ್ಕೆ ಹುಳಿಯಾಗಿರುತ್ತದೆ. ನಿಜವಾಗಿಯೂ ತುರ್ತಿನದಾದರೆ ನಾವು ಫೋನು ಮಾಡಬೇಕಾದದ್ದು ಠಾಣೆಗೆ, ಐದು ಗುಂಪುಗಳಿಗಲ್ಲ.

ಇನ್ನು ಮರ್ಯಾದೆಯ ಪ್ರಶ್ನೆ. ಸುದ್ದಿಯನ್ನು ಪ್ರಶ್ನಿಸಿದರೆ ಸುದ್ದಿ ತಂದವರನ್ನು ಅವಮಾನಿಸಿದಂತಲ್ಲ ಎಂಬುದನ್ನು ಮನೆಮನೆಯಲ್ಲಿ ನಾವು ರೂಢಿಗೆ ತರಬೇಕು. ‘ಮಾವ, ಇದು ನಿಮಗೆ ಯಾರು ಕಳಿಸಿದ್ದು? ಅವರಿಗೆ ಯಾರು ಕಳಿಸಿದರಂತೆ?’ ಎಂದು ಕೇಳುವುದರಲ್ಲಿ ಅಗೌರವವಿಲ್ಲ. ‘ಇದು ಎಲ್ಲಿ ಆದದ್ದು ಅಂತ ಬರೆದಿಲ್ಲವಲ್ಲ ದೊಡ್ಡಮ್ಮ, ನೋಡಿ’ ಎಂದು ಪಕ್ಕ ಕೂತು ತೋರಿಸಬಹುದು. ಗುಂಪಿನಲ್ಲಿ ಎಲ್ಲರೆದುರು ಹೇಳಲು ಸಂಕೋಚವಾದರೆ ಅವರೊಬ್ಬರಿಗೇ ಹೇಳಬಹುದು. ತರಕಾರಿ ಗಾಡಿಯವನು ಎಷ್ಟೇ ಪರಿಚಿತನಿರಲಿ, ಬದನೆಕಾಯಿಯನ್ನು ತಿರುಗಿಸಿ ಹುಳುಕಿದೆಯೇ ಎಂದು ನೋಡದೆ ನಾವು ಚೀಲಕ್ಕೆ ಹಾಕುವುದಿಲ್ಲ, ಅವನೂ ಬೇಸರಿಸುವುದಿಲ್ಲ. ಇಷ್ಟು ನಿಗಾ ಕಾಲು ಕಿಲೋ ಬದನೆಕಾಯಿಗೆ ಇರುವಾಗ, ಒಂದು ಸಮುದಾಯದ ಮೇಲಿನ ಆರೋಪಕ್ಕೆ ಬೇಡವೇ? ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದವರೂ ನಮ್ಮ ಹಿರಿಯರೇ. ಎದುರಾಡಬೇಡ ಎಂದವರ ಮಾತನ್ನು ಕೇಳಿದ ನಾವು ಪರಾಂಬರಿಸು ಎಂದವರ ಮಾತನ್ನೂ ಕೇಳಬೇಕಲ್ಲವೇ?

ಶಾಲೆಗಳಿಗೂ ಇಲ್ಲಿ ಕೆಲಸವಿದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿ ರಚಿಸಿ ದೊಡ್ಡ ಚರ್ಚೆಗೆ ಕಾರಣರಾದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬುದನ್ನು ಅವರು ಬದುಕಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಅಂದು ಪರಿಶೀಲಿಸಬೇಕಾಗಿದ್ದ ಪವಾಡಗಳು ಬೆರಳೆಣಿಕೆಯವು. ಇಂದು ಪ್ರತಿ ಬೆಳಿಗ್ಗೆ ಹತ್ತು ಪವಾಡ, ಹತ್ತು ಭಯ ನಮ್ಮ ಅಂಗೈಗೇ ಬರುತ್ತವೆ. ಅವನ್ನೆಲ್ಲ ಪರಿಶೀಲಿಸಲು ಯಾವ ವಿಶ್ವವಿದ್ಯಾನಿಲಯದ ಸಮಿತಿಗೂ ಆಗದು. ಆದರೆ ವಾರಕ್ಕೊಂದು ದಿನ, ಮನೆಯ ಫೋನಿಗೆ ಬಂದ ಒಂದು ಸಂದೇಶವನ್ನು ಕರಿಹಲಗೆಯ ಮೇಲೆ ಬರೆದು, ಇದನ್ನು ಹೇಳಿದ್ದು ಯಾರು, ಯಾವಾಗ, ಎಲ್ಲಿ, ಅವರಿಗೆ ಹೇಗೆ ಗೊತ್ತಾಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಮಕ್ಕಳಿಂದ ಕೇಳಿಸಬಹುದು. ಏಳನೇ ತರಗತಿಯ ಮಕ್ಕಳಿಗೆ ಸಾಲುವ ಪಾಠ ಅದು. ಅದಕ್ಕೆ ಬೇರೆ ಪುಸ್ತಕ ಬೇಡ, ಕಂಪ್ಯೂಟರ್ ಬೇಡ. ಆ ಮಕ್ಕಳು ಮನೆಗೆ ಹೋಗಿ ಅದೇ ನಾಲ್ಕು ಪ್ರಶ್ನೆಗಳನ್ನು ಅಜ್ಜನಿಗೆ ಕೇಳುತ್ತಾರೆ. ಸೊಸೆ ಕೇಳಿದರೆ ಮುನಿಸಿಕೊಳ್ಳುವ ಅಜ್ಜ ಮೊಮ್ಮಗಳು ಕೇಳಿದರೆ ಕನ್ನಡಕ ಏರಿಸಿ ಇನ್ನೊಮ್ಮೆ ಓದುತ್ತಾರೆ.